ಅಳುವುದಕ್ಕೂ ಅಪ್ಪಣೆ ಬೇಕೇ?



ಈ ಸಲ ಬಂದ ಪತ್ರಗಳಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದು ಯಾಕೆಂದು ಕೇಳಿದವರೇ ಹೆಚ್ಚು. ಅವರೆಲ್ಲ ಇನ್ನೊಂದು ಸಂಚಿಕೆ ತಾಳಿಕೊಳ್ಳಬೇಕು. ಹಾಸನ ಜಿಲ್ಲೆಯ ಒಂದು ಪುಟ್ಟ ಊರಿನಿಂದ ಒಬ್ಬ ಸೋದರಿ ಬರೆದ ನಾಲ್ಕು ಪುಟದ ಪತ್ರ ಎಂಟು ದಿನದಿಂದ ನನ್ನ ಅಡಿಗೆಮನೆಯ ಕಿಟಕಿಯಲ್ಲಿ ಕೂತಿದೆ. ಅದನ್ನು ಬದಿಗಿಟ್ಟು ಉಪ್ಪಿನಕಾಯಿಯ ವಿಷಯ ಬರೆಯಲು ನನಗೆ ಕೈ ಬರಲಿಲ್ಲ.

ಆಕೆ ಕ್ರೈಸ್ತ ಹೆಂಗಸು. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೇ ಅಲೆಯಲ್ಲಿ ಅವರ ಯಜಮಾನರು ಆಸ್ಪತ್ರೆಯಲ್ಲಿ ತೀರಿಕೊಂಡರಂತೆ. ಆಗ ಈಕೆಗೂ ಜ್ವರ. ಮನೆಯ ಹೊಸಿಲು ದಾಟುವಂತಿರಲಿಲ್ಲ. ಆಸ್ಪತ್ರೆಯಿಂದ ನೇರವಾಗಿ ಸ್ಮಶಾನಕ್ಕೆ. ಮುಖ ನೋಡಲಿಲ್ಲ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಮನೆಗೆ ಬಂದು "ಹೇಗಿದ್ದೀಯವ್ವಾ" ಅಂತ ಕೇಳಿದವರೂ ಇಲ್ಲ. ಬರುವವರಾದರೂ ಹೇಗೆ ಬಂದಾರು? 2020ರಲ್ಲಿ ಅಂತ್ಯಕ್ರಿಯೆಗೆ 20 ಜನಕ್ಕಿಂತ ಹೆಚ್ಚು ಸೇರುವಂತಿಲ್ಲ ಎಂದಿತ್ತು, ಮರುವರ್ಷ ಅದು ಇನ್ನೂ ಬಿಗಿಯಾಯಿತು. ನಿಮಗೆಲ್ಲ ನೆನಪಿರಬೇಕು.

ಅವತ್ತು ಬಾರದ ಅಳು ಈಗ ಬರುತ್ತದಂತೆ. ಅಕ್ಕಿ ಆರಿಸುವಾಗ, ಬಸ್ಸಿನಲ್ಲಿ, ಹೆಚ್ಚಾಗಿ ಇಗರ್ಜಿಯಲ್ಲಿ ಪೂಜೆಯ ಹೊತ್ತಿಗೆ. ಅವರ ಪ್ರಾರ್ಥನಾ ಕೂಟದ ಹಿರಿಯ ಹೆಂಗಸೊಬ್ಬರು ಒಂದು ದಿನ ಎಲ್ಲರೆದುರಿಗೇ ಹೇಳಿದರಂತೆ: "ಅವರು ಸ್ವರ್ಗದಲ್ಲಿದ್ದಾರೆ ಅಂತ ನಿನಗೆ ವಿಶ್ವಾಸ ಇದ್ದಿದ್ದರೆ ಇಷ್ಟು ವರ್ಷ ಆದಮೇಲೂ ಹೀಗೆ ಅಳ್ತಿರಲಿಲ್ಲ. ಇದು ದೇವರ ಮೇಲೆ ಅಪನಂಬಿಕೆ." ಪತ್ರದ ಕೊನೆಯ ಸಾಲು ಒಂದು ಪ್ರಶ್ನೆ. "ಅಕ್ಕಾ, ನಾನು ಅಳುವುದು ಪಾಪವೇ?"

ನಾನೇನು ಧರ್ಮಶಾಸ್ತ್ರ ಓದಿದವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮದುವೆಯಾಗಿ, ಮೂಡಿಗೆರೆ ತಾಲ್ಲೂಕಿನ ಈ ಕಾಫಿ ತೋಟದ ಮನೆಗೆ ಬಂದವಳು. ಮನೆಯಲ್ಲಿ ಕೊಂಕಣಿ, ಹೊರಗೆಲ್ಲ ಕನ್ನಡ. ಆದರೆ ಬೈಬಲ್ ತೆರೆದು ಓದುವುದಕ್ಕೆ ಪದವಿ ಬೇಕಿಲ್ಲವಲ್ಲ. ಆ ಹಿರಿಯರು ಅದೇ ಪುಸ್ತಕವನ್ನು ಓದಿ ಈ ಮಾತು ಹೇಳಿದರೋ ಏನೋ, ನನಗಂತೂ ಅದರಲ್ಲಿ ಬೇರೆಯೇ ಕಾಣುತ್ತದೆ.

ಬೇಥಾನ್ಯ ಎಂಬ ಊರು ಜೆರುಸಲೇಮಿನಿಂದ ಒಂದು ಮೂರು ಕಿಲೋಮೀಟರು. ಅಲ್ಲಿ ಮಾರ್ಥ, ಮರಿಯ ಎಂಬ ಅಕ್ಕತಂಗಿಯರು, ಅವರ ತಮ್ಮ ಲಾಜರ. ತಮ್ಮ ಕಾಯಿಲೆ ಬಿದ್ದಾಗ ಯೇಸುಸ್ವಾಮಿಗೆ ಹೇಳಿಕಳಿಸಿದರು. ಸ್ವಾಮಿ ಬಂದಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ ಆಗಿತ್ತು. ಆ ಇಬ್ಬರು ಹೆಣ್ಣುಮಕ್ಕಳೂ ಬಾಯಿ ಮುಚ್ಚಿಕೊಂಡು "ದೇವರ ಚಿತ್ತ" ಅನ್ನಲಿಲ್ಲ. ನೀವು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಮ್ಮ ತಮ್ಮ ಉಳಿಯುತ್ತಿದ್ದ ಎಂದು ಎದುರಿಗೇ ಆಕ್ಷೇಪಣೆ ಮಾಡಿದರು. ಸ್ವಾಮಿ ಅವರನ್ನು ಗದರಲಿಲ್ಲ. ಸಮಾಧಿ ಎಲ್ಲಿದೆ ಎಂದು ಕೇಳಿದರು, ಕಣ್ಣೀರು ಹಾಕಿದರು.

ಸ್ವಲ್ಪ ಯೋಚಿಸಿ ನೋಡಿ. ಇನ್ನೊಂದು ಗಳಿಗೆಯಲ್ಲಿ ಅವನನ್ನು ಹೆಸರು ಹಿಡಿದು ಕೂಗಿ ಎಬ್ಬಿಸುತ್ತೇನೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅತ್ತರು! ವಿಶ್ವಾಸ ಇದ್ದವರು ಅಳಬಾರದು ಎನ್ನುವುದಾದರೆ ಮೊದಲು ಆ ಮಾತು ಯಾರಿಗೆ ತಗಲುತ್ತದೆ? ನೀವೇ ಹೇಳಿ.

ಇನ್ನು ಕೀರ್ತನೆಗಳ ಪುಸ್ತಕ. ಒಟ್ಟು 150 ಕೀರ್ತನೆಗಳು. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನ ಕೀರ್ತನೆಗಳೇ ಎಂದು ತಿಳಿದವರು ಹೇಳುತ್ತಾರೆ. ಬಹಳಷ್ಟು ಅಳುವಿನಲ್ಲಿ ಶುರುವಾಗಿ ಸ್ತುತಿಯಲ್ಲಿ ಮುಗಿಯುತ್ತವೆ. ಆದರೆ 88ನೆಯದು ಹಾಗಲ್ಲ. ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ನಡುವೆ ಒಂದು ದೀಪವೂ ಹಚ್ಚುವುದಿಲ್ಲ. ಅದನ್ನೂ ಪವಿತ್ರ ಗ್ರಂಥದಲ್ಲಿ ಸೇರಿಸಿಟ್ಟಿದ್ದಾರೆ, ಯಾರೂ ಕಿತ್ತುಹಾಕಿಲ್ಲ. 'ಪ್ರಲಾಪಗಳು' ಎಂಬ ಹೆಸರಿನ ಒಂದು ಪುಸ್ತಕವೇ ಇದೆ, ಐದು ಅಧ್ಯಾಯ, ಎಲ್ಲವೂ ಹಾಳಾದ ಪಟ್ಟಣವನ್ನು ನೋಡಿ ಅತ್ತದ್ದು. ರೂತಳ ಕತೆಯಲ್ಲಿ ಬರುವ ಅತ್ತೆ ನೊವೊಮಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡು ಊರಿಗೆ ತಿರುಗಿ ಬಂದಾಗ, ನನ್ನನ್ನು ಹಳೆಯ ಹೆಸರಿನಿಂದ ಕರೆಯಬೇಡಿ, 'ಮಾರಾ' ಎನ್ನಿ ಎಂದಳು. ಮಾರಾ ಎಂದರೆ ಕಹಿ. ದೇವರೇ ನನ್ನ ಬಾಳನ್ನು ಕಹಿ ಮಾಡಿದ್ದಾನೆ ಎಂದು ಊರ ಹೆಂಗಸರ ಮುಂದೆ ಹೇಳಿದಳು. ಆ ನೊವೊಮಿಯ ಮಡಿಲಿಗೇ ಕೊನೆಗೆ ದಾವೀದ ರಾಜನ ಅಜ್ಜ ಕೂಸಾಗಿ ಬಂದ. ಅವಳು ಆಡಿದ ಕಹಿ ಮಾತಿಗೆ ದೇವರು ಲೆಕ್ಕ ಇಟ್ಟು ಶಿಕ್ಷೆ ಕೊಟ್ಟಂತೆ ಕಾಣುವುದಿಲ್ಲ.

ಸಂತ ಪೌಲ ಥೆಸಲೋನಿಕದವರಿಗೆ ಬರೆದ ಪತ್ರ ಆ ಹಿರಿಯರ ಮನಸ್ಸಿನಲ್ಲಿ ಇದ್ದಿರಬಹುದು. ಅದನ್ನು ಸರಿಯಾಗಿ ಓದಬೇಕು. ಅಳಬೇಡಿ ಎಂದು ಪೌಲ ಬರೆದಿಲ್ಲ. ನಿರೀಕ್ಷೆಯೇ ಇಲ್ಲದವರ ಹಾಗೆ ದುಃಖಿಸಬೇಡಿ ಎನ್ನುವ ಅರ್ಥದಲ್ಲಿ ಬರೆದಿದ್ದಾನೆ. ನಿರೀಕ್ಷೆ ಇಟ್ಟುಕೊಂಡು ಅಳಿರಿ ಎಂದಾಯಿತಲ್ಲ! ಮಗಳನ್ನು ಮದುವೆ ಮಾಡಿ ಕಳಿಸುವಾಗ ಮತ್ತೆ ಬರುತ್ತಾಳೆಂದು ಗೊತ್ತಿದ್ದೂ ನಾವು ಅಳುವುದಿಲ್ಲವೇ?

ಸಂತ ಅಗಸ್ತೀನರ ಹೆಸರು ಕೇಳಿರಬಹುದು. ಅವರ ತಾಯಿ ಮೋನಿಕಾ 387ರಲ್ಲಿ ರೋಮಿನ ಹತ್ತಿರದ ಓಸ್ತಿಯಾ ಎಂಬ ಬಂದರಿನಲ್ಲಿ ತೀರಿಹೋದರು. ಮಗ ತಾಯಿಯ ಕಣ್ಣು ಮುಚ್ಚಿದರು. ಆದರೆ ವಿಶ್ವಾಸಿ ಅಳಬಾರದೆಂದು ಹಟ ಹಿಡಿದು ಸಮಾಧಿ ಮಾಡುವಾಗಲೂ ಒಂದು ಹನಿ ಬೀಳಿಸಲಿಲ್ಲ. ಸ್ನಾನ ಮಾಡಿದರೆ ದುಃಖ ತೊಳೆದು ಹೋಗುತ್ತದೆ ಎಂದು ಯಾರೋ ಹೇಳಿದ್ದರಂತೆ, ಹೋಗಿ ಸ್ನಾನ ಮಾಡಿದರು. ಏನೂ ಆಗಲಿಲ್ಲ. ರಾತ್ರಿ ನಿದ್ದೆ ಮಾಡಿ ಎದ್ದ ಮೇಲೆ, ಯಾರೂ ನೋಡದಿದ್ದಾಗ, ಕಟ್ಟೆ ಒಡೆಯಿತು. ಆಮೇಲೆ ಇದನ್ನೆಲ್ಲ ತಮ್ಮ ಪುಸ್ತಕದಲ್ಲಿ ಅವರೇ ಬರೆದಿಟ್ಟರು. ಅಂಥ ಮಹಾ ಪಂಡಿತರಿಗೇ ಒಂದು ದಿನಕ್ಕಿಂತ ಹೆಚ್ಚು ತಡೆಯಲಾಗಲಿಲ್ಲ, ಇನ್ನು ನಾವು ನೀವು ಯಾವ ಲೆಕ್ಕ!

ನಮ್ಮ ಪತ್ರಿಕೆ ಓದುವವರಲ್ಲಿ ಹೆಚ್ಚಿನವರು ಬೇರೆ ಧರ್ಮದವರು. ನಿಮ್ಮ ಬೀದಿಯಲ್ಲೂ ಒಂದೆರಡು ಕ್ರೈಸ್ತರ ಮನೆ ಇರಬಹುದು. ಸಾವಾದಾಗ ಹೋಗಬೇಕೋ ಬೇಡವೋ, ಹೋದರೆ ಏನು ಮಾಡಬೇಕು ಎಂದು ಎಷ್ಟೋ ಮಂದಿ ನನ್ನನ್ನು ಕೇಳಿದ್ದಾರೆ. ನಿಮಗೂ ಉಪಯೋಗವಾಗಲಿ ಎಂದು ನಮ್ಮ ಕಡೆಯ ಪದ್ಧತಿ ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ನಾವು ಕಥೋಲಿಕರು. ನಮ್ಮ ಹಿರಿಯರು ಮಂಗಳೂರು ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ತೋಟದ ಕೆಲಸಕ್ಕೆ ಬಂದವರು. ಮನೆಯಲ್ಲಿ ಸಾವಾದರೆ ಶವದ ತಲೆಯ ಹತ್ತಿರ ಮೇಣದ ಬತ್ತಿ ಹಚ್ಚಿ, ಕೈಗೆ ಶಿಲುಬೆ, ಜಪಸರ ಕೊಟ್ಟು, ಸುತ್ತ ಕೂತು ಜಪಸರ ಹೇಳುತ್ತೇವೆ. ಗುರುಗಳು ಬಂದು ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಇಗರ್ಜಿಯಲ್ಲಿ ಬಲಿಪೂಜೆ, ಆಮೇಲೆ ಮಣ್ಣು. ಮಣ್ಣು ಮಾಡಿದ ಮೇಲೆ ಏಳನೇ ದಿನದ ಪೂಜೆ, ತಿಂಗಳ ಪೂಜೆ, ವರ್ಷದ ಪೂಜೆ. ಸಿಎಸ್‌ಐ ಮೊದಲಾದ ಪ್ರೊಟೆಸ್ಟಂಟ್ ಸಭೆಯವರಲ್ಲಿ ಸತ್ತವರಿಗಾಗಿ ಪೂಜೆ ಮಾಡಿಸುವ ಪದ್ಧತಿ ಇಲ್ಲ. ಅವರು ಕೂಡಿ ಹಾಡಿ, ವಾಕ್ಯ ಓದಿ, ಆ ಬಾಳಿಗಾಗಿ ದೇವರಿಗೆ ಸ್ತೋತ್ರ ಹೇಳುತ್ತಾರೆ.

ಈ ದಿನಗಳ ಲೆಕ್ಕ ಸುಮ್ಮನೆ ಬಂದದ್ದಲ್ಲ. ಯಾಕೋಬ ಸತ್ತಾಗ ಮಗ ಯೋಸೇಫ ಏಳು ದಿನ ಶೋಕ ಮಾಡಿದ. ಮೋಶೆ ಸತ್ತಾಗ, ಅವನ ಅಣ್ಣ ಆರೋನ ಸತ್ತಾಗ, ಇಡೀ ಜನಾಂಗ 30 ದಿನ ಅತ್ತಿತು. ಹಳೆಯ ಕಾಲದಲ್ಲಿ ಮೂರನೇ ದಿನಕ್ಕೂ ಒಂದು ಪೂಜೆ ಇತ್ತು, ಅದು ಯೇಸುಸ್ವಾಮಿ ಮೂರನೇ ದಿನ ಎದ್ದದ್ದರ ನೆನಪಿಗೆ. ದುಃಖ ಒಂದೇ ದಿನದಲ್ಲಿ ಮುಗಿಯುವ ಸಾಮಾನಲ್ಲ ಎಂದು ಗೊತ್ತಿದ್ದವರೇ ಈ ಏಳು, ಮೂವತ್ತು, ವರ್ಷ ಎಂಬ ಮೆಟ್ಟಿಲುಗಳನ್ನು ಕಟ್ಟಿದ್ದು ಎಂದು ನನ್ನ ಎಣಿಕೆ. ನಿಮ್ಮಲ್ಲೂ ಹತ್ತು, ಹದಿಮೂರು, ಮಾಸಿಕ, ವರ್ಷಾಂತಿಕ ಎಂದು ಇದೆಯಲ್ಲ.

ನಮ್ಮ ಅತ್ತೆಗೆ ಹಳೆಯ ಕಾಲದ ನೆನಪುಂಟು. ಅವರು ಹುಡುಗಿಯಾಗಿದ್ದಾಗ ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ಸಾವಿನ ಪೂಜೆಗೆ ಗುರುಗಳು ಕಪ್ಪು ನಿಲುವಂಗಿ ಹಾಕುತ್ತಿದ್ದರು. ಹಾಡಿನಲ್ಲಿ ತೀರ್ಪಿನ ದಿನದ ಭಯವೇ ಜಾಸ್ತಿ. ಅರ್ಥ ಆಗದಿದ್ದರೂ ಮೈ ನಡುಗುತ್ತಿತ್ತು ಎನ್ನುತ್ತಾರೆ. ರೋಮಿನಲ್ಲಿ 1962ರಿಂದ 1965ರವರೆಗೆ ನಡೆದ ದೊಡ್ಡ ಸಭೆಯ ನಂತರ ಇದೆಲ್ಲ ಬದಲಾಯಿತು. 1969ರಲ್ಲಿ ಅಂತ್ಯಕ್ರಿಯೆಗೆ ಹೊಸ ವಿಧಿ ಬಂತು. ಭಯದ ಹಾಡು ಹೋಗಿ ಪುನರುತ್ಥಾನದ ಮಾತು ಮುಂದೆ ಬಂತು. ನೇರಳೆ ಇಲ್ಲವೇ ಬಿಳಿಯ ನಿಲುವಂಗಿ ಬಂತು. ನಮಗೆ ತಿಳಿಯುವ ಭಾಷೆ ಬಂತು. ಶವ ಸುಡುವುದಕ್ಕೂ 1963ರಲ್ಲೇ ರೋಮಿನಿಂದ ಒಪ್ಪಿಗೆ ಸಿಕ್ಕಿದೆ. ಕೊರೋನಾ ಕಾಲದಲ್ಲಿ ಹಾಗೆ ಮಾಡಬೇಕಾಗಿ ಬಂದವರು ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕೊರಗಬೇಕಿಲ್ಲ. (ನಮ್ಮ ಚಿಕ್ಕಮಗಳೂರು ಮೈಸೂರಿನಿಂದ ಬೇರೆಯಾಗಿ ಸ್ವಂತ ಧರ್ಮಪ್ರಾಂತ್ಯವಾದದ್ದೂ ಅದೇ 1963ರಲ್ಲಿ.)

ನನ್ನ ಮಾವನವರು ತೀರಿಕೊಂಡದ್ದು 2018ರ ಜುಲೈನಲ್ಲಿ. ಆ ವರ್ಷದ ಮಳೆ ಮಲೆನಾಡಿನವರಿಗೆ ಮರೆಯುವಂಥದಲ್ಲ. ಕರೆಂಟು ಇಲ್ಲ, ಫೋನು ಇಲ್ಲ. ಅಗೆದ ಗುಂಡಿಯಲ್ಲಿ ನೀರು ನಿಲ್ಲುತ್ತಿತ್ತು, ತೋಟದ ಆಳುಗಳು ಬಕೆಟ್ಟಿನಲ್ಲಿ ಮೊಗೆದು ಹಾಕುತ್ತಿದ್ದರು. ಬಂದವರ ಕಾಲಿಗೆಲ್ಲ ಇಂಬಳ. ಹೇಗೋ ಮುಗಿಯಿತು.

ಆಮೇಲೆ ಅತ್ತೆ ಜಪಸರ ಮುಟ್ಟಲಿಲ್ಲ. ದಿನಕ್ಕೆ ಎರಡು ಸಲ ಮಂಡಿಯೂರುತ್ತಿದ್ದ ಹೆಂಗಸು! ಇಗರ್ಜಿಗೆ ಹೊರಡೋಣ ಎಂದರೆ "ನೀವು ಹೋಗಿ ಬನ್ನಿ" ಎಂದು ಜಗಲಿಯ ಮೂಲೆಯಲ್ಲಿ ಕೂತುಬಿಡುತ್ತಿದ್ದರು. ಬಂದ ನೆಂಟರೆಲ್ಲ ಒಂದೊಂದು ಮಾತು ಹೇಳಿದರು. ದೇವರು ಪ್ರೀತಿಸುವವರನ್ನು ಬೇಗ ಕರೆದುಕೊಳ್ಳುತ್ತಾನೆ. ವಯಸ್ಸಾಗಿತ್ತಲ್ಲ, ನರಳದೆ ಹೋದರಲ್ಲ, ಪುಣ್ಯವಂತರು. ನಿಮಗೆ ಮೊಮ್ಮಕ್ಕಳಿದ್ದಾರೆ, ಅವರ ಮುಖ ನೋಡಿ ಸಮಾಧಾನ ಮಾಡ್ಕೊಳ್ಳಿ. ಎಲ್ಲವೂ ಒಳ್ಳೆಯ ಮನಸ್ಸಿನಿಂದ ಹೇಳಿದ್ದೇ. ಅತ್ತೆ ತಲೆ ಆಡಿಸುತ್ತಿದ್ದರು. ಅವರೆಲ್ಲ ಮೆಟ್ಟಿಲಿಳಿದು ಹೋದಮೇಲೆ ಮೊದಲಿಗಿಂತ ಸಣ್ಣದಾಗಿ ಕಾಣುತ್ತಿದ್ದರು.

ಪಕ್ಕದ ತೋಟದ ಗೌಡರ ಮನೆಯ ಹಿರಿಯಮ್ಮ ಒಬ್ಬರಿದ್ದಾರೆ. ಅವರು ಯಾವ ಮಾತನ್ನೂ ಹೇಳಲಿಲ್ಲ. ಮಧ್ಯಾಹ್ನ ಊಟ ಮುಗಿಸಿ, ಕಂಬಳಿ ಹೊದ್ದು, ಕೊಡೆ ಹಿಡಿದು ಬರುವರು. "ಬಾಯಮ್ಮ, ಇದ್ದೀರಾ" ಅಂತ ಕೇಳಿ ಜಗಲಿಯಲ್ಲಿ ಕೂತುಕೊಳ್ಳುವರು. ಹಲಸಿನ ಬೀಜ ತಂದರೆ ಬೀಜ ಸುಲಿಯುವುದು, ಬೆಳ್ಳುಳ್ಳಿ ಇದ್ದರೆ ಬೆಳ್ಳುಳ್ಳಿ. ಅತ್ತೆ ಅತ್ತರೆ ಕೈ ನಿಲ್ಲಿಸುವರು, ಅಳು ನಿಂತಮೇಲೆ ಮತ್ತೆ ಸುಲಿಯುವರು. ನಾನು ಎರಡು ಲೋಟ ಬೆಲ್ಲದ ಕಾಫಿ ಇಟ್ಟು ಬರುತ್ತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ "ಬರ್ತೀನಿ ಬಾಯಮ್ಮ" ಅಂತ ಎದ್ದು ಹೋಗುವರು. ಮಳೆಗಾಲ ಪೂರ್ತಿ ಹೀಗೇ.

ಯೋಬನ ಕತೆಯಲ್ಲೂ ಇದೇ ಇದೆ, ನೋಡಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತನ್ನೂ ಆಡಲಿಲ್ಲ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಎಂಟನೆಯ ದಿನದ ಮೇಲೆ ಬಾಯಿ ಬಿಟ್ಟರು. ನೀನು ಏನೋ ತಪ್ಪು ಮಾಡಿರಬೇಕು, ಅದಕ್ಕೇ ಹೀಗಾಯಿತು ಎಂದು ದೇವರ ಪರವಾಗಿ ವಕೀಲಿಕೆ ಶುರು ಮಾಡಿದರು. ಪುಸ್ತಕದ ಕೊನೆಯಲ್ಲಿ ದೇವರಿಗೆ ಸಿಟ್ಟು ಬಂದದ್ದು ಕೂಗಾಡಿ ಜಗಳವಾಡಿದ ಯೋಬನ ಮೇಲಲ್ಲ, ತನ್ನ ಪರ ಮಾತಾಡಿದ ಈ ಮೂವರ ಮೇಲೆ! ನಿಮ್ಮ ಪ್ರಾರ್ಥನಾ ಕೂಟದ ಆ ಹಿರಿಯರಿಗೆ, ಸೋದರಿ, ಈ ಅಧ್ಯಾಯವನ್ನು ಒಮ್ಮೆ ಓದಿ ಹೇಳುವವರು ಬೇಕಿತ್ತು.

ಅತ್ತೆ ಅಕ್ಟೋಬರಿನಲ್ಲಿ ಒಂದು ಸಂಜೆ ತಾವಾಗಿಯೇ ಜಪಸರ ತೆಗೆದುಕೊಂಡರು. ಯಾಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಹಳ ದಿನದ ಮೇಲೆ ಮಾತಿಗೆ ಮಾತು ಬಂದಾಗ ಹೇಳಿದರು: "ಮನಸ್ಸು ಬರ್ತಿರಲಿಲ್ಲ. ಆದರೆ ನೀವೆಲ್ಲ ಒಳಗೆ ಜಪಸರ ಹೇಳ್ತಿದ್ದದ್ದು ಜಗಲಿಗೆ ಕೇಳ್ತಿತ್ತಲ್ಲ, ನನ್ನ ಪಾಲಿಂದೂ ಅದರಲ್ಲೇ ಹೋಗ್ತಿದೆ ಅಂದ್ಕೊಂಡೆ." ಪ್ರಾರ್ಥನೆ ಬಾರದವರ ಪ್ರಾರ್ಥನೆಯನ್ನು ಬೇರೆಯವರು ಹೊರುತ್ತಾರೆ. ನಮ್ಮ ಧರ್ಮದಲ್ಲಿ ದೇವರ ಸಾಂತ್ವನ ಎಂದು ಯಾವುದನ್ನು ಕರೆಯುತ್ತಾರೋ ಅದು ಬೆಳಕಾಗಿ, ದರ್ಶನವಾಗಿ ಇಳಿದು ಬಂದದ್ದನ್ನು ನಾನಂತೂ ನೋಡಿಲ್ಲ. ಕಂಬಳಿ ಹೊದ್ದು ಕೊಡೆ ಹಿಡಿದು ಬಂದದ್ದನ್ನು ನೋಡಿದ್ದೇನೆ. ಆ ಅಮ್ಮ ನಮ್ಮ ಧರ್ಮದವರೂ ಅಲ್ಲ. ಅವರ ಮನೆದೇವರು ಇಲ್ಲಿ ಮೇಲೆ ದೇವರಮನೆ ಬೆಟ್ಟದ ಕಾಲಭೈರವೇಶ್ವರ.

ಮರುವರ್ಷ, 2019ರ ಆಗಸ್ಟಿನಲ್ಲಿ, ನಮ್ಮ ತಾಲ್ಲೂಕಿನ ಮಲೆಮನೆ, ಆಲೇಖಾನ್ ಹೊರಟ್ಟಿ ಕಡೆಗಳಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆ ಮಣ್ಣಿನಡಿಗೆ ಹೋದದ್ದು ಪೇಪರಿನಲ್ಲಿ ಓದಿರುತ್ತೀರಿ. ಆ ಅಮ್ಮನ ತವರಿನವರ ತೋಟವೂ ಆ ಮಳೆಯಲ್ಲೇ ಹೋಯಿತು. ಮೂರು ತಲೆಮಾರಿನ ಕಾಫಿ, ಮೆಣಸು. ಅತ್ತೆ ಮಾರನೇ ದಿನವೇ ಕೊಡೆ ಹುಡುಕಿದರು. "ಎಂತ ಹೇಳ್ತೀರಿ ಅಲ್ಲಿ ಹೋಗಿ?" ಎಂದು ಕೇಳಿದೆ. "ಹೇಳುವುದೆಂತದು ಮಾರಾಯ್ತಿ, ಕೂತು ಬರ್ತೀನಿ" ಎಂದರು. ನಮ್ಮನ್ನು ದೇವರು ಸಂತೈಸುವುದು ನಾವು ಇನ್ನೊಬ್ಬರನ್ನು ಸಂತೈಸಲು ಎಂದು ಪೌಲ ಕೊರಿಂಥದವರಿಗೆ ಬರೆದ ಮಾತು ಅತ್ತೆಗೆ ನೆನಪಿತ್ತೋ ಇಲ್ಲವೋ, ಅಂತೂ ಹೋದರು.

ಈಗ ಅಡಿಗೆಯ ವಿಷಯ. ಸಾವಿನ ಮನೆಗೆ ಏನು ಕಳಿಸಬೇಕು? ಕ್ರೈಸ್ತರಲ್ಲಿ ಸೂತಕ ಎಂಬುದಿಲ್ಲ. ನೀವು ಒಳಗೆ ಬರಬಹುದು, ಕೂರಬಹುದು, ನೀರು ಕುಡಿಯಬಹುದು. ಮನೆಗೆ ಹೋಗಿ ನಿಮ್ಮ ಪದ್ಧತಿಯಂತೆ ಸ್ನಾನ ಮಾಡಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಲೆ ಹಚ್ಚಬಾರದೆಂಬ ಕಟ್ಟುನಿಟ್ಟೂ ನಮ್ಮಲ್ಲಿ ಇಲ್ಲ, ಆದರೆ ಹಚ್ಚುವುದಕ್ಕೆ ಯಾರಿಗೆ ಕೈ ಬರುತ್ತದೆ? ಪಾಯಸ, ಕರಿದ ತಿಂಡಿ ಬೇಡ. ಆ ದಿನ ಗಂಟಲಲ್ಲಿ ಇಳಿಯುವುದು ಗಂಜಿ ಒಂದೇ.

ಮೂವತ್ತು ಜನಕ್ಕೆ ಮೂರು ಕಿಲೋ ಕುಸುಬಲಕ್ಕಿ ಸಾಕು. ಒಂದು ಗಂಟೆ ನೆನೆಸಿ. ಒಂದು ಪಾವು ಅಕ್ಕಿಗೆ ಏಳೆಂಟು ಪಾವು ನೀರಿನ ಲೆಕ್ಕದಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಕುದಿ ಬಂದಮೇಲೆ ಅಕ್ಕಿ ಹಾಕಿ. ಸೌದೆ ಒಲೆಯಾದರೆ ಸುಮಾರು ಒಂದು ಗಂಟೆ ಬೇಕು, ಅಗುಳು ಬಿರಿಯಬೇಕು. ಉಪ್ಪು ಕಡೆಗೆ. ಜೊತೆಗೆ ಚಟ್ನಿ. ಹಸಿ ಕಾಯಿಯ ಚಟ್ನಿ ಸಂಜೆಗೆ ಹಳಸುತ್ತದೆ. ಅದಕ್ಕೇ ಕಾಯಿತುರಿಯನ್ನು ಕೆಂಪಗೆ ಹುರಿದು, ಹುರಿದ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ನೀರು ಹಾಕದೆ ಕುಟ್ಟಿ. ಎರಡು ದಿನ ಇರುತ್ತದೆ. ಹೆಸರುಕಾಳಿನ ಪಲ್ಯ ಮಾಡಿದರೆ ಇನ್ನೂ ಒಳ್ಳೆಯದು.

ಅಡಿಗೆಗಿಂತ ಮುಖ್ಯವಾದ ಎರಡು ಸಂಗತಿ. ಪಾತ್ರೆ ವಾಪಸು ಕೊಡಬೇಕೆಂಬ ಚಿಂತೆಯನ್ನು ಅವರ ತಲೆಗೆ ಕಟ್ಟಬೇಡಿ, ಸಂಜೆ ನೀವೇ ಹೋಗಿ ತೊಳೆದು ತನ್ನಿ. ಲೋಟಗಳನ್ನೂ ಅಷ್ಟೆ. ಇನ್ನೊಂದು, ಮೊದಲ ದಿನ ಎಲ್ಲರೂ ಕಳಿಸುತ್ತಾರೆ, ಉಳಿದು ಚೆಲ್ಲಿಹೋಗುತ್ತದೆ. ಹತ್ತನೆಯ ದಿನ ಯಾರೂ ಕಳಿಸುವುದಿಲ್ಲ. ನೆಂಟರೆಲ್ಲ ಬಸ್ಸು ಹತ್ತಿ ಹೋಗಿರುತ್ತಾರೆ, ಮನೆ ಬಣಗುಡುತ್ತಿರುತ್ತದೆ. ನಿಮ್ಮ ಸಾರಿನ ಪಾತ್ರೆ ಆ ದಿನಕ್ಕಿರಲಿ.

ಮಕ್ಕಳ ಬಗ್ಗೆಯೂ ಒಂದು ಮಾತು. ಮಾವ ಹೋದಾಗ ನನ್ನ ಕಿರಿಯ ಮಗನಿಗೆ ಐದು ವರ್ಷ. ಬಂದ ನೆಂಟರೊಬ್ಬರು "ಅಜ್ಜ ದೇವರ ಮನೆಗೆ ಹೋದರು ಪುಟ್ಟಾ" ಎಂದಿದ್ದಾರೆ. ನಮ್ಮಲ್ಲಿ ಹಾಗೆ ಹೇಳುವ ರೂಢಿ. ತಂದೆಯ ಮನೆಯಲ್ಲಿ ನಿಮಗೆಲ್ಲ ಜಾಗ ಸಿದ್ಧ ಮಾಡುತ್ತೇನೆ ಎಂದು ಯೇಸುಸ್ವಾಮಿ ಶಿಷ್ಯರಿಗೆ ಭರವಸೆ ಕೊಟ್ಟಿದ್ದಾರೆ, ಅಲ್ಲಿಂದ ಬಂದ ಮಾತು. ಒಂದು ವಾರ ಕಳೆದು ಮಳೆ ಸ್ವಲ್ಪ ಬಿಟ್ಟಿತು. ಹುಡುಗ ಬೂಟು ಹಾಕಿಕೊಂಡು ಬಂದು ನಿಂತ. "ಪಪ್ಪಾ, ಜೀಪು ತೆಗಿ. ದೇವರಮನೆಗೆ ಹೋಗಿ ಅಜ್ಜನ್ನ ಕರ್ಕೊಂಡು ಬರೋಣ. ಅಲ್ಲಿ ತುಂಬ ಚಳಿ, ಅಜ್ಜ ಸ್ವೆಟರ್ ಬಿಟ್ಟು ಹೋಗಿದ್ದಾರೆ."

ನಮ್ಮ ಹಿಂದೆ ಕಾಣುವ ಬೆಟ್ಟದ ಹೆಸರೇ ದೇವರಮನೆ! ಭಾನುವಾರ ಮಂಜು ನೋಡಲು ಕಾರುಗಳು ಸಾಲುಗಟ್ಟಿ ಹೋಗುವ ಜಾಗ. ಹುಡುಗ ಎರಡು ಸಲ ಹೋಗಿ ಬಂದಿದ್ದ, ದಾರಿ ಗೊತ್ತಿತ್ತು. ಮಗುವಿನ ಲೆಕ್ಕ ಸರಿಯಾಗಿಯೇ ಇತ್ತು. ಮನೆಯವರು ಜೀಪಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ಹಿತ್ತಿಲಿಗೆ ಹೋದವರು ಅರ್ಧ ಗಂಟೆ ಒಳಗೆ ಬರಲಿಲ್ಲ.

ಅತ್ತೆಯೇ ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ಅಜ್ಜ ಸತ್ತುಹೋದರು. ಸತ್ತವರು ಉಸಿರಾಡುವುದಿಲ್ಲ, ಅವರಿಗೆ ಚಳಿ ಆಗುವುದಿಲ್ಲ, ಹಸಿವಾಗುವುದಿಲ್ಲ, ತಿರುಗಿ ಮನೆಗೆ ಬರುವುದಿಲ್ಲ. ದೇಹ ಇಗರ್ಜಿಯ ಹತ್ತಿರ ಮಣ್ಣಿನಲ್ಲಿದೆ. ಅಜ್ಜನನ್ನು ದೇವರು ಇಟ್ಟುಕೊಂಡಿದ್ದಾರೆ, ಒಂದು ದಿನ ನಾವೆಲ್ಲ ನೋಡುತ್ತೇವೆ. "ಯಾವ ದಿನ?" ಎಂದ. "ಅದು ನನಗೂ ಗೊತ್ತಿಲ್ಲ" ಎಂದರು ಅತ್ತೆ. ಹುಡುಗ ಸ್ವಲ್ಪ ಅತ್ತು, ಆಮೇಲೆ ಬೂಟು ಬಿಚ್ಚಿಟ್ಟ. ಚಿಕ್ಕ ಮಕ್ಕಳಿಗೆ 'ಸತ್ತರು' ಎಂಬ ಮಾತನ್ನೇ ಹೇಳಿ. ನಿದ್ದೆ ಮಾಡುತ್ತಿದ್ದಾರೆ ಎಂದರೆ ತಾವು ಮಲಗಲು ಹೆದರುತ್ತಾರೆ, ದೂರ ಹೋಗಿದ್ದಾರೆ ಎಂದರೆ ದಾರಿ ಕಾಯುತ್ತಾರೆ.

ಇನ್ನು, ಪತ್ರ ಬರೆದ ಸೋದರಿ, ನಿಮಗೆ. ನೀವು ಅಳುವುದು ಪಾಪವಲ್ಲ. ಅವತ್ತು ನಿಮಗೆ ಯಾರೂ ಬರಲಿಲ್ಲ, ಮುಖ ನೋಡಲು ಬಿಡಲಿಲ್ಲ, ಏಳನೇ ದಿನ ಎಂಬುದೇ ನಿಮ್ಮ ಮನೆಗೆ ಬರಲಿಲ್ಲ. ಆ ಮೆಟ್ಟಿಲುಗಳನ್ನೇ ಹತ್ತದವರು ಇನ್ನೂ ಕೆಳಗೇ ಇದ್ದಾರೆ ಎಂದು ಮೇಲಿದ್ದವರು ಬೈದರೆ ಹೇಗೆ? ಈಗ ಹತ್ತಿ. ಪೂಜೆಗೆ ಇಂತಿಷ್ಟೇ ವರ್ಷದೊಳಗೆ ಎಂಬ ಅವಧಿ ಇಲ್ಲ. ಗುರುಗಳ ಹತ್ತಿರ ಹೋಗಿ, ನಡೆದದ್ದನ್ನೆಲ್ಲ ಹೇಳಿ, ಯಜಮಾನರ ಹೆಸರಿನಲ್ಲಿ ಒಂದು ಪೂಜೆ ಬರೆಸಿ. ಅವತ್ತು ಬರಲಾಗದ ನೆಂಟರಿಗೆ, ಅಕ್ಕಪಕ್ಕದವರಿಗೆ, ಯಜಮಾನರ ಗೆಳೆಯರಿಗೆ ಹೇಳಿಕಳಿಸಿ. ಪೂಜೆ ಮುಗಿಸಿ ಎಲ್ಲರೂ ಸಮಾಧಿಗೆ ಹೋಗಿ, ನೀವು ಹಾಕಬೇಕಾಗ್ದಿದ ಆ ಒಂದು ಹಿಡಿ ಮಣ್ಣನ್ನು ಹಾಕಿ. ಮನೆಗೆ ಬಂದು ಗಂಜಿ ಊಟ ಮಾಡಿ. ಬಂದವರು ಒಬ್ಬೊಬ್ಬರೂ ಅವರ ಬಗ್ಗೆ ಒಂದೊಂದು ನೆನಪು ಹೇಳಲಿ. ನಗು ಬರುವ ಸಂಗತಿಯಾದರೆ ನಗಲಿ. ಪ್ರಾರ್ಥನೆ ಬಾರದಿದ್ದರೆ 88ನೇ ಕೀರ್ತನೆ ತೆರೆದು ಓದಿ. ಅದನ್ನು ಓದಲೂ ಮನಸ್ಸಿಲ್ಲದಿದ್ದರೆ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತುಬನ್ನಿ, ಬೇರೆಯವರು ಹೇಳುತ್ತಿರುತ್ತಾರೆ.

ರಾತ್ರಿ ನಿದ್ದೆಯೇ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಎನಿಸುತ್ತದೆ ಎಂದೂ ಒಂದು ಕಡೆ ಬರೆದಿದ್ದೀರಿ. ಅದಕ್ಕೆ ಪೂಜೆಯೊಂದೇ ಸಾಲದು, ಡಾಕ್ಟರರನ್ನೂ ನೋಡಬೇಕು. ದೇವರು ಡಾಕ್ಟರರ ಕೈಯಲ್ಲೂ ಕೆಲಸ ಮಾಡುತ್ತಾರೆ. ಸರ್ಕಾರದವರು 2022ರ ಅಕ್ಟೋಬರಿನಲ್ಲಿ 'ಟೆಲಿ ಮಾನಸ್' ಎಂಬ ಫೋನ್ ಸೇವೆ ಶುರು ಮಾಡಿದ್ದಾರೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದನ್ನು ಮುಂದಕ್ಕೆ ಹಾಕಬೇಡಿ. ಪತ್ರಿಕೆ ಕೆಳಗಿಟ್ಟು ಮೊದಲು ಆ ನಂಬರು ಬರೆದಿಟ್ಟುಕೊಳ್ಳಿ.

ಬರುವ ನವೆಂಬರ್ 2 ಸತ್ತವರೆಲ್ಲರ ನೆನಪಿನ ದಿನ. ಸುಮಾರು ಒಂದು ಸಾವಿರ ವರ್ಷದ ಹಿಂದೆ ಫ್ರಾನ್ಸ್ ದೇಶದ ಕ್ಲೂನಿ ಎಂಬ ಮಠದ ಯಜಮಾನರಾದ ಸಂತ ಓಡಿಲೋ ತಮ್ಮ ಮಠಗಳಲ್ಲಿ ಇದನ್ನು ಶುರು ಮಾಡಿದರು, ಆಮೇಲೆ ಎಲ್ಲ ಕಡೆ ಹಬ್ಬಿತು. ಆ ದಿನ ಸ್ಮಶಾನಕ್ಕೆ ಒಬ್ಬರೇ ಹೋಗಬೇಡಿ, ಮಾತು ಕಡಿಮೆ ಆಡುವ ಗೆಳತಿಯೊಬ್ಬರನ್ನು ಕರೆದುಕೊಳ್ಳಿ. ಎರಡು ದಿನ ಮೊದಲೇ ಒಂದು ಸಲ ಹೋಗಿ ಬರುವುದು ಒಳ್ಳೆಯದು. ಮಳೆಗಾಲ ಮುಗಿದ ಮೇಲೆ ಸಮಾಧಿಯ ಮೇಲೆ ಹುಲ್ಲು ಮೊಳಕಾಲುದ್ದ ಬೆಳೆದಿರುತ್ತದೆ, ಒಂದು ಕುಡುಗೋಲು ಇಟ್ಟುಕೊಳ್ಳಿ. ಗಾಳಿಗೆ ಮೇಣದ ಬತ್ತಿ ನಿಲ್ಲುವುದಿಲ್ಲ. ತೆಂಗಿನ ಚಿಪ್ಪಿಗೆ ಸ್ವಲ್ಪ ಮರಳು ತುಂಬಿ ಅದರೊಳಗೆ ನೆಟ್ಟರೆ ಸಂಜೆಯವರೆಗೂ ಉರಿಯುತ್ತದೆ.